ಬಾಯೊಳಗಿನ ಮರಿಗಳು

ನಾವು ಸಾಕುವ ಜಾತಿಯ ಸಿಕ್ಲಿಡ್ ಮೀನು ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಯುತ್ತದೆ. ಹೆದರಿತೋ, ನುಂಗಿಬಿಡುತ್ತದೆ. ಮರಿ ಮಾರಿ ಬದುಕುವವರು ನಾವು. ಅದು ಬಾಯಿ ತುಂಬಿಕೊಂಡಿದ್ದಾಗ ಮನೆಯಲ್ಲಿ ಯಾರೂ ಬಾಗಿಲನ್ನು ಕೂಡ ಜೋರಾಗಿ ಹಾಕುವಂತಿಲ್ಲ.

ಆದರೆ ಮಲಪ್ರಭೆಗೆ ಯಾರು ಹೇಳಬೇಕು?

"ಹೊಳಿ ಬಂತು, ಲಗೂ ಹೊರಗ ಬರ್ರಿ!" ಎಂದು ಹೊಳೆಮಣ್ಣೂರಿನ ಓಣಿಯಲ್ಲಿ ಮೈಕು ಕೂಗಿತು. ತಾಯಿಮೀನನ್ನು ಕೊಡದೊಳಗೆ ಬಿಟ್ಟು, ಕೊಡಕ್ಕೆ ಕೌದಿ ಸುತ್ತಿ, ನನ್ನ ಮೊಲೆಗೂಸನ್ನು ಬಗಲಿಗೆ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿದೆ.

"ಮೀನ ಹೋದ್ರ ಹೋಗ್ಲಿ, ಕೂಸಿನ್ನ ಭದ್ರ ಹಿಡಿ" ಎಂದರು ಅತ್ತೆ ಕಲ್ಲವ್ವ.

"ಒದರಬ್ಯಾಡ್ರಿ ಅತ್ತಿ, ಅದು ಅಂಜತೈತಿ" ಎಂದು ಸಿಡುಕಿದೆ.

ರಸ್ತೆಯ ಮೇಲೆ ಹರಿಯುತ್ತಿದ್ದ ನೀರಿನಲ್ಲಿ ಟ್ರೇಲರ್ ಒಂದು ಮಗ್ಗುಲಿಗೆ ವಾಲಿತು. ಎಲ್ಲರೂ ಚೀರಿದರು. ನಾನು ಮಾತ್ರ ಹಲ್ಲು ಕಚ್ಚಿ ಕೂತೆ.

ಹಾಗೂ ಹೀಗೂ ದಿನ್ನೆ ಹತ್ತಿದ ಮೇಲೆ ಒಂದು ಕೈಯಿಂದ ಕೌದಿ ಸರಿಸಿ ಕೊಡದೊಳಗೆ ಇಣುಕಿದೆ. ಮೀನಿನ ಉಬ್ಬಿದ್ದ ಬಾಯಿ ಬತ್ತಿತ್ತು. ನೀರಿನಲ್ಲಿ ಒಂದು ಮರಿಯೂ ಇರಲಿಲ್ಲ.

"ನುಂಗೇಬಿಟ್ಟೈತಿ, ಹಾಳಾದ್ದು! ಇದೂ ಒಂದು ತಾಯೇನ?" ಎಂದು ಬೈದೆ.

ಅತ್ತೆ ನನ್ನ ಇನ್ನೊಂದು ಕೈ ಹಿಡಿದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ನನ್ನ ಎದೆಗೆ ಒತ್ತಿದ್ದ ಕೂಸಿನ ಮುಖ ನೀಲಿಗಟ್ಟಿತ್ತು.

ಕೊನೆಯ ಬೆರಳು ಬಿಟ್ಟಮೇಲೆ ಅದು ಉಸಿರೆಳೆದು ಅತ್ತಿತು.