ಗ್ಯಾಸಿನದೋ, ಕಂಪ್ರೆಸರಿನದೋ

"ಹೇಳಿ ಅಣ್ಣ, ಕೊರೀಲಾ, ಬೇಡ್ವಾ?" ಎಂದು ಫಿಟ್ಟರ್ ಮತ್ತೆ ಕೇಳಿದ. ಬಸ್ಸಿನ ಪಕ್ಕೆಯ ಮೇಲೆ, ಮೇಲೊಂದು ಕೆಳಗೊಂದು, ಸೀಮೆಸುಣ್ಣದಲ್ಲಿ ಎರಡು ಚೌಕ ಬರೆದು, ಕೈಯಲ್ಲಿ ಕಟ್ಟರ್ ಹಿಡಿದು ನಿಂತಿದ್ದ. ಟೈಲರ್ ಆ ಚೌಕಗಳನ್ನೇ ದಿಟ್ಟಿಸುತ್ತಿದ್ದ.

ಜೀವಮಾನವೆಲ್ಲ ಬಟ್ಟೆ ಕತ್ತರಿಸಿಯೇ ಹೊಟ್ಟೆ ಹೊರೆದವನು ಅವನು. ಆದರೂ ಕತ್ತರಿ ಹಾಕುವ ಮುಂಚೆ ಅಳೆದದ್ದನ್ನೇ ಅಳೆದು, ಹಾಕಿದ ಗುರುತನ್ನು ಒರೆಸಿ ಮತ್ತೆ ಹಾಕಿ ಗಿರಾಕಿಗಳ ಪ್ರಾಣ ಹಿಂಡುತ್ತಿದ್ದ. ಹೆಂಡತಿ ಅವನಿಗೆ ತದ್ವಿರುದ್ಧ. ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಮಕ್ಕಳು ಡ್ರೈವರಮ್ಮ ಎಂದು ಕರೆದು ಕರೆದು, ಬೀದಿಯವರ ಬಾಯಲ್ಲೂ ಅದೇ ಹೆಸರು ನಿಂತಿತ್ತು. ಮನೆಗೆ ಸೋಫಾ ಕೊಳ್ಳುವುದಿರಲಿ, ಗೋಡೆಗೆ ಬಣ್ಣ ಬಳಿಸುವುದಿರಲಿ, ಅವನೊಂದು ಹೇಳುವುದು, ಅವಳು ಮೂಗು ಮುರಿಯುವುದು, ಒಂದಿಷ್ಟು ಕೂಗಾಟ, ಕೊನೆಗೆ ಅವಳು ಹೇಳಿದ್ದೇ ಆಗುವುದು. ನಿಜ ಹೇಳಬೇಕೆಂದರೆ ಅವನಿಗೆ ಅದೇ ಹಿತವಾಗಿತ್ತು. ಹೆಚ್ಚುಕಡಿಮೆಯಾದರೆ ಅವಳ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಲ್ಲ.

ಶಾಲೆಯವರು ಹಳೆಯ ಮಿನಿಬಸ್ಸನ್ನು ಮಾರಲು ಹೊರಟಾಗ ಡ್ರೈವರಮ್ಮನೇ ಅದನ್ನು ಕೊಂಡಳು. ಕ್ಯಾರವಾನ್ ಮಾಡಿಸುತ್ತೇನೆಂದು ಹಿಂದಿನ ಸೀಟುಗಳನ್ನೆಲ್ಲ ಕೀಳಿಸಿದಳು. ಮಂಚ ಬಂತು, ಒಲೆ ಬಂತು, ಕೈತೊಳೆಯುವ ತೊಟ್ಟಿ ಬಂತು. ಊರೂರು ಸುತ್ತುತ್ತ, ಹಿಡಿಸಿದ ಹೊಳೆದಂಡೆಯಲ್ಲಿ ಬೇಜಾರಾಗುವ ತನಕ ಬಿಡಾರ ಹೂಡಬೇಕೆಂಬುದು ಅವಳ ಆಸೆ. ಉಳಿದದ್ದು ಫ್ರಿಡ್ಜ್ ಒಂದೇ. ಅದರ ಮೇಲೆ ಚಳಿಗಾಲವಿಡೀ ಜಗಳ ನಡೆದಿತ್ತು. ಅವಳಿಗೆ ಗ್ಯಾಸಿನದೇ ಬೇಕು: ಒಂದು ಸಣ್ಣ ಜ್ವಾಲೆ ಉರಿಯುತ್ತಿದ್ದರೆ ಸಾಕು, ಸದ್ದಿಲ್ಲದೆ ತಂಪು ಮಾಡುತ್ತದೆ, ವಾರಗಟ್ಟಲೆ ಒಂದೇ ಕಡೆ ನಿಂತರೂ ಬ್ಯಾಟರಿಯ ಚಿಂತೆಯಿಲ್ಲ. ಅವನಿಗೆ ಕಂಪ್ರೆಸರಿನದು: ಮನೆಯ ಫ್ರಿಡ್ಜಿನ ಹಾಗೆಯೇ, ಗಾಡಿ ಓರೆಯಾಗಿ ನಿಂತರೂ ತಕರಾರಿಲ್ಲ, ಬೆಂಕಿಯ ಭಯವಿಲ್ಲ. "ರಾತ್ರಿಯೆಲ್ಲ ಗೊರ್ ಅನ್ನೋಕೆ ನೀವೊಬ್ರು ಸಾಲ್ದಾ?" ಎಂದು ಅವಳು ಆ ವಾದವನ್ನು ಗೆದ್ದಿದ್ದಳು.

ಆಮೇಲೆ ಆಸ್ಪತ್ರೆ ಶುರುವಾಯಿತು. ಅವಳ ತಲೆಗೂದಲೆಲ್ಲ ಉದುರಿತು. ಬಸ್ಸಿನ ಕಿಟಕಿ ಪರದೆಗೆಂದು ತಂದ ಹಳದಿ ಹೂವಿನ ಬಟ್ಟೆಯಲ್ಲಿ ಉಳಿದ ತುಂಡಿನಿಂದ ಅವನು ಅವಳಿಗೊಂದು ಟೊಪ್ಪಿ ಹೊಲಿದ. "ಕಿಟಕಿ ಪಕ್ಕ ಕೂತ್ರೆ ನನ್ನ ಹುಡುಕ್ಕೋಬೇಕಾಗುತ್ತೆ ನೀವು" ಎಂದು ಅವಳು ನಕ್ಕಳು. ಹೋದ ವಾರ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇನ್ನು ಇದಕ್ಕೆ ಮಾಡುವಂಥದ್ದೇನೂ ಉಳಿದಿಲ್ಲ, ಎಲ್ಲಿಗಾದರೂ ಹೋಗಬೇಕೆಂದಿದ್ದರೆ ತಡ ಮಾಡಬೇಡಿ ಎಂದಿದ್ದರು. ಇಬ್ಬರೂ ಕೇಳಿಸಿಕೊಂಡರು. ಮನೆಗೆ ಬಂದ ಮೇಲೆ ಅವಳು ಫ್ರಿಡ್ಜಿನ ಮಾತೆತ್ತಿದಳು, ಅವನೂ ಫ್ರಿಡ್ಜಿನ ಮಾತನ್ನೇ ಆಡಿದ.

"ನೋಡಿ ಅಣ್ಣ," ಫಿಟ್ಟರ್ ಕಟ್ಟರನ್ನು ಕೈ ಬದಲಿಸಿದ, "ಈ ಗ್ಯಾಸಿನದಿದೆಯಲ್ಲ, ಅಬ್ಸಾರ್ಪ್ಷನ್ ಅಂತಾರೆ, ಅದರ ಬಿಸಿ, ಹೊಗೆ ಎಲ್ಲ ಆಚೆ ಹೋಗ್ಬೇಕು. ಈ ಎರಡು ಕಿಂಡಿ ಬೇಕೇ ಬೇಕು. ಕಂಪ್ರೆಸರಿಗೆ ಅದಿಲ್ಲ, ಒಳಗಿಟ್ಟು ತಂತಿ ಎಳೆದ್ರೆ ಆಯ್ತು. ಒಂದ್ಸಲ ಕೊರೆದ್ರೆ ಮತ್ತೆ ಮೊದಲಿನ ಹಾಗೆ ಮುಚ್ಚೋಕಾಗಲ್ಲ. ನಾಳೆ ಮಾರೋಕೆ ಹೋದ್ರೆ ಕೊಳ್ಳೋರು ಹಿಂದೆಮುಂದೆ ನೋಡ್ತಾರೆ. ಅದಕ್ಕೇ ಕೇಳ್ತಿರೋದು."

ನಾಳೆ ಮಾರುವ ಮಾತು ಟೈಲರನಿಗೆ ಹೊಸದಲ್ಲ. ಪರದೆಯ ಅಂಚು ಮಡಿಸುತ್ತಿದ್ದಾಗಲೇ ಅದು ಅವನ ತಲೆಗೆ ಹೊಕ್ಕಿತ್ತು. ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಹಿಂದೊಮ್ಮೆ ಇದೇ ಬಸ್ಸಿನಲ್ಲಿ ಅವಳು ಕಲಿಸಲು ಹೋಗಿ, ಶಾಲೆಯ ಗೇಟಿಗೆ ಗುದ್ದಿಸಿಕೊಂಡು, ಇಬ್ಬರೂ ಕೈಬಿಟ್ಟಿದ್ದರು. ಅವಳಿಲ್ಲದ ಮೇಲೆ ಇದು ಮನೆ ಮುಂದೆ ನಿಂತು ತುಕ್ಕು ಹಿಡಿಯುವುದನ್ನು ದಿನಾ ನೋಡುತ್ತ ಬದುಕುವುದು ಹೇಗೆ? ಛೇ, ಅವಳು ಕಣ್ಣೆದುರಿಗೇ ಇರುವಾಗ ಇದೆಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಳ್ಳುತ್ತಿರುವಾಗಲೇ ಬಾಯಿ ಹೇಳಿಬಿಟ್ಟಿತು.

"ಕೊರೀಬೇಡಿ. ಕಂಪ್ರೆಸರೇ ಇರ್ಲಿ."

ಗ್ಯಾರೇಜಿನ ಬಾಗಿಲ ಹತ್ತಿರ ನೆರಳಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಡ್ರೈವರಮ್ಮ ತಲೆಯೆತ್ತಿದಳು. ಅವಳು ಜಗಳಕ್ಕೆ ಬರಲಿ ಎಂದು ಅವನು ಮನಸಾರೆ ಬಯಸಿದ. ಯಾವನ್ರೀ ಇದನ್ನ ಮಾರೋನು ಎಂದು ಕೂಗಾಡಿ, ಬೇಕಾದರೆ ಕಟ್ಟರನ್ನು ಕಿತ್ತುಕೊಂಡು ತಾನೇ ಕೊರೆದುಬಿಡಲಿ. ಅವಳು ಹಟ ಹಿಡಿದರೆ ಎಲ್ಲವೂ ಮೊದಲಿನ ಹಾಗೇ ಇದೆ ಎಂದು ನಂಬಿಕೊಳ್ಳಬಹುದಿತ್ತು. ಅವಳು ನಿಧಾನಕ್ಕೆ ಎದ್ದು ಬಂದು, ಆಸರೆಗೆ ಬಸ್ಸಿನ ಮೇಲೆ ಅಂಗೈ ಊರಿ, ಚೌಕಗಳನ್ನು ನೋಡಿದಳು.

"ಸರಿ, ಕಂಪ್ರೆಸರೇ ಹಾಕಪ್ಪ."

"ಅಕ್ಕ, ಗ್ಯಾಸಿನದೇ ಆಗ್ಬೇಕು ಅಂತ ನೀವೇ ಅಲ್ವಾ ನನ್ನ ತಲೆ ತಿಂದಿದ್ದು?"

"ತಿಂದಿದ್ದೆ. ಈಗ ಹೊಟ್ಟೆ ತುಂಬಿದೆ."

ಫಿಟ್ಟರ್ ಇಬ್ಬರ ಮುಖವನ್ನೂ ನೋಡಿದ. ಏನು ತೋಚಿತೋ, ತಂತಿ ಹುಡುಕುತ್ತೇನೆಂದು ಒಳಗೆ ಹೋದ.

ಟೈಲರ್ ಅವಳ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ಅವಳು ಒಂದೇ ಮಾತಿಗೆ ಒಪ್ಪಿದ್ದು ಇದೇ ಮೊದಲು. "ಏ, ನಾನು ಸುಮ್ನೆ ಅಂದಿದ್ದು ಕಣೇ. ಕೊರೆಸೋಣ. ನಿಂಗೆ ಅದೇ ತಾನೇ ಬೇಕಿದ್ದಿದ್ದು? ಹೊಳೆ ಹತ್ರ ವಾರಗಟ್ಟಲೆ ಇರ್ತೀವಿ ಅಂತಿದ್ದೆ."

"ಅಂತಿದ್ದೆ. ಇನ್ನು ವಾರಗಟ್ಟಲೆ ಎಲ್ಲೂ ಇರೋಕಾಗಲ್ಲ ರೀ. ಆಸ್ಪತ್ರೆ ಹತ್ರಾನೇ ಎರಡು ಮೂರು ಕಡೆ ಹೋಗಿಬರೋಣ. ಅಷ್ಟಾದ್ರೆ ಸಾಕು."

ಅದನ್ನು ಅವಳು ಅಂಗಡಿ ಸಾಮಾನಿನ ಮಾತು ಹೇಳಿದ ಹಾಗೆ ಹೇಳಿದಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ.

"ಅಳೋದಿದ್ರೆ ಈಗ್ಲೇ ಅತ್ತುಬಿಡಿ," ಎಂದಳು. "ಅವನು ತಂತಿ ತಗೊಂಡು ಬರೋದ್ರೊಳಗೆ."

"ನಾನು ಇದನ್ನ ಮಾರ್ಬೇಕು ಅಂತ…"

"ಗೊತ್ತು. ಹೊಲಿಗೆಗೆ ಕೂತ್ರೆ ಹಾಡು ಗುನುಗೋರು, ಆ ಪರದೆ ಹೊಲಿಯೋವಾಗ ತುಟಿ ಪಿಟಕ್ಕನ್ಲಿಲ್ಲ. ಆವಾಗ್ಲೇ ಗೊತ್ತಾಯ್ತು." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ನಂಗೂ ಸಂಕಟ ಆಯ್ತು. ನಾನಿನ್ನೂ ಇದೀನಲ್ಲ, ಇವರಿಗೇನು ಅವಸರ ಅಂತ ಸಿಟ್ಟೂ ಬಂತು. ಆಮೇಲೆ ಯೋಚಿಸ್ದೆ. ಗ್ಯಾಸಿನದಿದ್ರೆ ಗಾಡಿ ನಿಂತಲ್ಲೇ ನಿಂತಿರಬಹುದು. ಕಂಪ್ರೆಸರಿನದು ಹಾಗಲ್ಲ, ಗಾಡಿ ಓಡ್ತಾ ಇದ್ರೇನೇ ಬ್ಯಾಟರಿ ತುಂಬೋದು. ನಿಲ್ಸಿಬಿಟ್ರೆ ಒಳಗಿರೋ ಹಾಲು ಕೆಡುತ್ತೆ. ನಾನಿಲ್ಲ ಅಂದ್ರೆ ನೀವು ಆ ಮಿಷನ್ ಮುಂದೆ ಕೂತಲ್ಲೇ ಕೂತ್ಬಿಡ್ತೀರಿ, ನಂಗೊತ್ತಿಲ್ವಾ ನಿಮ್ಮನ್ನ? ಮಾರ್ಬೇಡಿ. ಓಡ್ಸಿ."

"ನನ್ ಕೈಲಾಗಲ್ಲ ಕಣೇ."

"ಹತ್ತಿ."

"ಈಗಾ?"

"ಮತ್ಯಾವಾಗ?"

ಅವನು ಡ್ರೈವರಿನ ಬಾಗಿಲು ತೆರೆದು ಹತ್ತಿದ. ಅವಳು ಬಸ್ಸನ್ನು ಹಿಡಿದುಕೊಂಡೇ ಮುಂದಿನಿಂದ ಸುತ್ತಿ ಬಂದಳು. ಆ ಕಡೆಯ ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು. ಅವನು ಇಳಿಯಲು ಹೊರಟರೆ ಕಣ್ಣಲ್ಲೇ ಗದರಿದಳು. ಹತ್ತಿ ಕುಳಿತು, ಬೆವರು ಒರೆಸಿಕೊಂಡು, "ಈ ಕಡೆಯಿಂದ ಎಲ್ಲ ಬೇರೆ ಥರ ಕಾಣುತ್ತೆ" ಎಂದಳು.

ಅವನ ಮೊಣಕಾಲು ಸ್ಟೇರಿಂಗಿಗೆ ತಗುಲುತ್ತಿತ್ತು. ಅವಳದು ಗಿಡ್ಡ ಕಾಲು. ಸೀಟನ್ನು ಪೂರಾ ಮುಂದಕ್ಕೆ ಎಳೆದು ಇಷ್ಟು ವರ್ಷ ಓಡಿಸಿದ್ದಳು. ಅವನು ಹಾಗೇ ಮುದುರಿಕೊಂಡು ಕುಳಿತ.

"ಸೀಟು ಹಿಂದಕ್ಕೆ ಮಾಡ್ಕೊಳ್ಳಿ."

"ಇರ್ಲಿ ಬಿಡು. ಹೀಗೇ ಆಗುತ್ತೆ."

"ಹೀಗೆ ಕೂತ್ರೆ ಬ್ರೇಕ್ ತುಳಿಯೋಕಾಗಲ್ಲ."

"ನಿಂಗೆ ಆಮೇಲೆ ಮತ್ತೆ ಮುಂದಕ್ಕೆ ಎಳ್ಕೋಬೇಕಾಗುತ್ತೆ."

ಅವಳು ಬಗ್ಗಿ, ಅವನ ಸೀಟಿನ ಅಡಿಗೆ ಕೈ ತೂರಿಸಿ, ಹಿಡಿಯನ್ನು ತಡಕಿ ಎಳೆದು ಹಿಡಿದಳು. "ಹೂಂ, ಕಾಲಿಂದ ಒತ್ತಿ," ಎಂದಳು. ಅವನು ಒತ್ತಲಿಲ್ಲ. ಅವಳು ಹಿಡಿಯನ್ನು ಬಿಡಲೂ ಇಲ್ಲ, ತಲೆ ಎತ್ತಲೂ ಇಲ್ಲ. ಕೊನೆಗೆ ಅವನು ಎರಡೂ ಪಾದ ಊರಿ ಮೆಲ್ಲಗೆ ಒತ್ತಿದ. ಸೀಟು ಕಿರುಗುಟ್ಟುತ್ತ ಹಿಂದಕ್ಕೆ ಸರಿಯಿತು.