ತಿಳಿಯಾಗಿದ್ದ ಟ್ಯೂಬುಗಳು

ಟ್ಯೂಬುಗಳು ತಿಳಿಯಾಗಿದ್ದವು. ಚರ್ಮ ಬ್ಯಾಂಕಿನ ಲ್ಯಾಬಿನಾಕೆ ಒಂದೊಂದನ್ನೂ ಬೆಳಕಿಗೆ ಹಿಡಿದು, ಅಲುಗಿಸಿ ನೋಡಿದಳು. ಸತ್ತವರೊಬ್ಬರು ದಾನ ಮಾಡಿದ ಚರ್ಮದ ಚೂರುಗಳು ತಳದಲ್ಲಿದ್ದವು. ಕ್ರಿಮಿಯಿದ್ದರೆ ದ್ರವ ಇಷ್ಟು ಹೊತ್ತಿಗೆ ಗಂಜಿಯಂತೆ ಕದಡಿರುತ್ತಿತ್ತು. ದಾನಿಯ ರಕ್ತದ ವರದಿಯೂ ಸರಿಯಾಗಿ ಬಂದಿತ್ತು.

ಬಾಗಿಲಲ್ಲಿ ವ್ಯಾನ್ ಅಣ್ಣ ನಿಂತಿದ್ದ. ದಾನದ ಚರ್ಮವಿದ್ದ ಪೆಟ್ಟಿಗೆಗಳನ್ನು ವ್ಯಾನಿನಲ್ಲಿ ತರುವಾಗಲೆಲ್ಲ "ನನ್ ಪ್ಯಾಸೆಂಜರ್‌ಗಳು ಯಾವತ್ತೂ ಜಗಳ ಆಡಲ್ಲ" ಎಂದು ನಗಿಸುತ್ತಿದ್ದವನು. ಈಗ ಅವನ ಮಗಳೇ ಮೇಲಿನ ವಾರ್ಡಿನಲ್ಲಿ ಬೆನ್ನು, ತೋಳು ಸುಟ್ಟುಕೊಂಡು ಮಲಗಿದ್ದಳು. ಅವಳ ಗಾಯಕ್ಕೆ ಹೊದಿಸಲು ಫ್ರಿಜ್ಜಿನಲ್ಲಿ ಉಳಿದಿದ್ದುದು ಈ ಒಬ್ಬ ದಾನಿಯ ಚರ್ಮ ಮಾತ್ರ. ಬೇರೆ ಬ್ಯಾಂಕುಗಳೂ ಕೈಯೆತ್ತಿದ್ದವು.

"ಚೆನ್ನಾಗಿದೆಯಾ ಅಕ್ಕಾ?"

"ಇರೋ ಹಾಗಿದೆ ಅಣ್ಣ. ಒಂದ್ನಿಮಿಷ."

ಆಕೆ ಜೊತೆಗಾರನ ಕಡೆ ತಿರುಗಿದಳು. ಅವನ ದಪ್ಪ ಕನ್ನಡಕಕ್ಕೆ ಎಲ್ಲರೂ ಅವನನ್ನು ಸೋಡಾಬುಡ್ಡಿ ಎನ್ನುತ್ತಿದ್ದರು.

"ಚೂರು ಹಾಕೋ ಮುಂಚೆ ತೊಳೆದಿದ್ದೆ ತಾನೇ?"

ದಿನವೂ ಕೇಳುವ ಪ್ರಶ್ನೆ. ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ಲೋ, ನಿನ್ನನ್ನೇ ಕೇಳ್ತಿರೋದು."

"ಅಣ್ಣನ ಮಗೂಗೆ ಅಂತ ಅವಸರ ಬಿದ್ದೆ. ಔಷಧಿಯಿಂದ ಎತ್ತಿ ನೇರ ಹಾಕ್ಬಿಟ್ಟೆ. ನೀನು ಕೇಳಿದ್ಮೇಲೇ ಹೊಳೀತು."

ದಾನದ ಚರ್ಮವನ್ನು ಕ್ರಿಮಿ ಕೊಲ್ಲುವ ಔಷಧಿಯಲ್ಲಿ ನೆನೆಹಾಕಿರುತ್ತಾರೆ. ಪರೀಕ್ಷೆಯ ಚೂರನ್ನು ಅದರಿಂದ ತೆಗೆದು ಚೆನ್ನಾಗಿ ತೊಳೆಯಬೇಕು. ತೊಳೆಯದಿದ್ದರೆ ಅಂಟಿದ ಔಷಧಿ ಟ್ಯೂಬಿನೊಳಗೂ ಕ್ರಿಮಿಯನ್ನು ಅದುಮಿಟ್ಟಿರುತ್ತದೆ. ಈ ಟ್ಯೂಬುಗಳು ತಿಳಿಯಾಗಿದ್ದರೂ ಒಂದೇ, ಖಾಲಿಯಿದ್ದರೂ ಒಂದೇ.

ಆಕೆ ವ್ಯಾನ್ ಅಣ್ಣನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಮತ್ತೆ ಪರೀಕ್ಷೆ ಆಗಬೇಕು, ದಿನಗಳೇ ಹಿಡಿಯುತ್ತವೆ.

"ಇದನ್ನೇ ಹಾಕಿದ್ರೆ ಏನಾಗುತ್ತೆ?"

"ಏನೂ ಆಗ್ದೇ ಇರ್ಬಹುದು. ಒಳಗೆ ಕ್ರಿಮಿ ಇದ್ರೆ ಗಾಯಕ್ಕೆ ನಂಜೇರುತ್ತೆ. ಆಮೇಲೆ ಯಾರ ಕೈಲೂ ಇರಲ್ಲ."

"ಹಾಕದೇ ಇದ್ರೆ?"

"ಗಾಯ ತೆರೆದೇ ಇರುತ್ತೆ ಅಣ್ಣ. ಅದೂ ಅಪಾಯಾನೇ."

"ನಾನೇ ತಂದ ಚರ್ಮ ಅಕ್ಕಾ ಅದು. ಬೇರೆಯವರ ಮಗು ಆಗಿದ್ರೆ ಕೊಡ್ತಿದ್ರಿ."

"ಬೇರೆಯವರ ಮಗು ಆಗಿದ್ರೆ ಈ ತಪ್ಪೇ ಆಗ್ತಿರ್ಲಿಲ್ಲ ಅಣ್ಣ. ನಿಧಾನಕ್ಕೆ ತೊಳೀತಿದ್ವಿ."

ಅವನು ಗೋಡೆಗೆ ಹಣೆ ಒತ್ತಿ ನಿಂತ. ಆಕೆ ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರು, "ಅಲ್ಲೀತನಕ ಬರೀ ಬ್ಯಾಂಡೇಜಲ್ಲೇ ದಿನ ತಳ್ಳಿ ನೋಡ್ತೀನಿ. ಮಾತು ಕೊಡೋಕಾಗಲ್ಲ," ಎಂದರು.

ಆಕೆ ಹೊಸ ಚೂರುಗಳನ್ನು ಕತ್ತರಿಸಿದಳು. ತೊಳೆದಳು, ನೀರು ಚೆಲ್ಲಿ ಮತ್ತೆ ತೊಳೆದಳು. ಅವಸರ ಮಾಡೆಂದು ಬೆರಳುಗಳು ಒದ್ದಾಡುತ್ತಿದ್ದವು. ಹಲ್ಲು ಕಚ್ಚಿ ನಿಧಾನಿಸಿದಳು.

ವ್ಯಾನ್ ಅಣ್ಣ ಹೊಸ ಟ್ಯೂಬುಗಳನ್ನು ನೋಡುತ್ತಿದ್ದ.

"ಇವೂ ತಿಳಿಯಾಗೇ ಇವೆಯಲ್ಲ."

"ಈಗಿನ್ನೂ ಹಾಕಿದ್ದು ಅಣ್ಣ."

"ಮಗೂನ ಅಮ್ಮನಿಗೆ ಇವತ್ತೇ ಆಪರೇಷನ್ ಅಂತ ಹೇಳ್ಬಿಟ್ಟಿದ್ದೀನಿ." ಬಾಗಿಲತನಕ ಹೋಗಿ ನಿಂತ. "ಈಗ ಏನಂತ ಹೇಳ್ಲಿ?"

ಸೋಡಾಬುಡ್ಡಿ ಕೈಗವಸು ಕಳಚಿದ. "ನಾನು ಹೇಳ್ತೀನಿ, ನಡಿ."

"ಹೊಡೀತಾಳೆ ಕಣೋ ಅವಳು."

"ಹೊಡೀಲಿ."

ಇಬ್ಬರೂ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಆಕೆ ಟ್ಯೂಬುಗಳನ್ನು, ಕ್ರಿಮಿಯಿದ್ದರೆ ಬೆಳೆಯಲೆಂದು, ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿದಳು.