ಪಟ್ಟಿಗೆ ಸೇರದ ಕಾವಲು

ನಾನು ಒಂದು ಸರ್ವರ್. ಮೇಜಿನ ಮೇಲೆ ಕೂತು ಹಾಡು ಹಾಕುವ ಕಂಪ್ಯೂಟರುಗಳ ಸಾಲಿಗೆ ನನ್ನನ್ನು ಸೇರಿಸಬೇಡಿ. ನನಗೆ ಪರದೆಯೂ ಇಲ್ಲ, ರಜೆಯೂ ಇಲ್ಲ. ತಮಿಳುನಾಡಿನ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಥರ್ಮೋಕೋಲಿನ ನಡುವೆ ಕೂತು ವಿಜಯಪುರದ ಒಂದು ಔಷಧ ಸರಬರಾಜು ಕಂಪನಿಗೆ ಬಂದೆ. ಯಾವ ಔಷಧ ಎಷ್ಟಿದೆ, ಯಾವ ಆಸ್ಪತ್ರೆಗೆ ಹೋಯಿತು ಎಂಬ ಡೇಟಾಬೇಸ್ ನನ್ನ ಹೊಟ್ಟೆಯಲ್ಲಿತ್ತು.

ನನ್ನನ್ನು ನೋಡಿಕೊಳ್ಳುತ್ತಿದ್ದವರು ಮಡಿವಾಳಪ್ಪ ಕೋರಿ. ಕಂಪ್ಯೂಟರಿಗೂ ಲಸಿಕೆ ಇಡುವ ಕೋಲ್ಡ್ ರೂಮಿಗೂ ಅವರೊಬ್ಬರೇ ದಿಕ್ಕು. ಆಯುಧ ಪೂಜೆಯ ದಿನ ನನ್ನ ಗಾಳಿಕಿಂಡಿಗೆ ತಾಗದಂತೆ ಮೂಲೆಯಲ್ಲಿ ಒಂದೇ ಬೊಟ್ಟು ಕುಂಕುಮ ಇಡುತ್ತಿದ್ದರು. ನನಗೆ ಅವರೆಂದರೆ ಇಷ್ಟ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಮೂರನೆಯ ಬೇಸಿಗೆಯ ಒಂದು ಭಾನುವಾರ ಕೋಲ್ಡ್ ರೂಮಿನ ಯಂತ್ರ ಕೆಟ್ಟು ನಿಂತಿತು. ಒಳಗೆ ಹುಚ್ಚುನಾಯಿ ಕಡಿತದ ಲಸಿಕೆ ಇತ್ತು. ರಜೆಯ ದಿನವೂ ಬಂದು ಥರ್ಮಾಮೀಟರ್ ನೋಡುವ ಕೆಲಸ ಕೋರಿಯವರದೇ. ತಂಗಿಯ ಮಗಳ ನಿಶ್ಚಿತಾರ್ಥದ ಅವಸರದಲ್ಲಿ, ನೋಡದೆಯೇ ರಿಜಿಸ್ಟರಿನಲ್ಲಿ 'ನಾಲ್ಕು ಡಿಗ್ರಿ' ಎಂದು ಬರೆದು ಹೋದರು. ಸೋಮವಾರ ಬಾಗಿಲು ತೆಗೆದಾಗ ಮೂವತ್ತೊಂದು. ಕೆಟ್ಟ ಲಸಿಕೆ ಕೆಟ್ಟಂತೆ ಕಾಣುವುದಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಾಗುವುದಿಲ್ಲ. ಆರುನೂರು ಸೀಸೆಗಳನ್ನು ಅವರೇ ನಾಶಮಾಡಿಸಿ, 'ಸಾಗಣೆಯಲ್ಲಿ ಒಡೆದಿವೆ' ಎಂದು ನನ್ನಲ್ಲಿ ದಾಖಲಿಸಿದರು. ಕೊಟ್ಟದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ, ಬರೆದುಕೊಂಡೆ.

ಆಮೇಲೆ ಒಂದು ತಿಂಗಳು ಊಟದ ಬಿಡುವಿನಲ್ಲಿ ಕೂತು ನನ್ನೊಳಗೆ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅವರು ಒಳಗಿಟ್ಟು ನನಗೆ ಜೋಡಿಸಿದ ಒಂದು ಸಣ್ಣ ಸೆನ್ಸರಿನ ಮೂಲಕ ಕೋಲ್ಡ್ ರೂಮಿನ ಉಷ್ಣಾಂಶವನ್ನು ನಾನು ಸದಾ ನೋಡುತ್ತಿರಬೇಕು. ಎಂಟು ಡಿಗ್ರಿ ದಾಟಿದರೆ ಅವರ ಫೋನಿಗೆ ಸಂದೇಶ ಕಳಿಸಬೇಕು. ಇದೇಕೆ ಎಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆಯಿಂದ ಯಾರಿಗೂ ಹೇಳಲಿಲ್ಲ, ಪ್ರಿಂಟರಿನ ಫೈಲುಗಳ ನಡುವೆ ಅಡಗಿಸಿಟ್ಟರು. ಒಂಬತ್ತು ವರ್ಷದಲ್ಲಿ ಹನ್ನೊಂದು ಸಲ ನಾನು ಎಚ್ಚರಿಸಿದೆ, ಹನ್ನೊಂದು ಸಲವೂ ಅವರು ಓಡಿಬಂದು ಲಸಿಕೆ ಉಳಿಸಿದರು. ಕೋರಿಯವರಿಗೆ ಅದು ಹೇಗೋ ಮೊದಲೇ ತಿಳಿಯುತ್ತದೆ ಎಂದು ಆಫೀಸಿನವರು ಕೊಂಡಾಡಿದರು. ಅವರು ತಲೆ ತಗ್ಗಿಸುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು.

ನನ್ನಲ್ಲಿದ್ದ ವಿಂಡೋಸ್ ಹಳೆಯದಾಯಿತು. ಅದಕ್ಕೆ ಹೊಸ ರಕ್ಷಣೆ ಬರುವುದು ನಿಂತಿತು. ಎಲ್ಲವನ್ನೂ ಲಿನಕ್ಸ್ ಇರುವ ಹೊಸ ಸರ್ವರುಗಳಿಗೆ ಸಾಗಿಸಲು ಹುಬ್ಬಳ್ಳಿಯಿಂದ ಫರ್ಹೀನ್ ಇನಾಮದಾರ್ ಎಂಬ ಎಂಜಿನಿಯರ್ ಬಂದರು. ಡೇಟಾಬೇಸ್ ಹೋಯಿತು, ನಲವತ್ತೆರಡು ಲಕ್ಷ ದಾಖಲೆಗಳನ್ನು ಎರಡೂ ಕಡೆ ತಾಳೆ ನೋಡಿದರು. ಅಪ್ಲಿಕೇಶನ್ನುಗಳು ಹೋದವು, ಹೊಸ ಜಾಗ ಒಗ್ಗದೆ ಮೂರು ದಿನ ಹಟ ಹಿಡಿದು, ಆಮೇಲೆ ದಾರಿಗೆ ಬಂದವು. ಆದರೆ ಕೋರಿಯವರು ಬರೆದುಕೊಟ್ಟ ಪಟ್ಟಿಯಲ್ಲಿದ್ದದ್ದು ಮಾತ್ರ ಹೋಗುತ್ತದೆ. ಇನ್ನೇನಾದರೂ ಇದೆಯೇ ಎಂದು ಫರ್ಹೀನ್ ಮೂರು ಸಲ ಕೇಳಿದರು. ಮೂರು ಸಲವೂ ಕೋರಿ ಇಲ್ಲ ಎಂದರು. ಅವರ ನಿವೃತ್ತಿಗೆ ಇಪ್ಪತ್ತೇ ದಿನ ಇತ್ತು. ನನ್ನನ್ನು ಆರಿಸಿದ ಗಳಿಗೆಯಿಂದ ಆ ಲಸಿಕೆಯನ್ನು ಕಾಯುವವರು ಯಾರೂ ಇರುವುದಿಲ್ಲ. ನನಗೆ ಬಾಯಿಲ್ಲ. ಬಾಯಿದ್ದೂ ಸುಮ್ಮನಿದ್ದ ಅವರ ಮೇಲೆ ಮೊದಲ ಬಾರಿಗೆ ಸಿಟ್ಟು ಬಂತು.

ನನ್ನನ್ನು ಆರಿಸಬೇಕಿದ್ದ ದಿನ ಬೆಳಿಗ್ಗೆ, 'ಹಳೆಯ ಯಂತ್ರದಲ್ಲಿ ಏನೂ ಉಳಿದಿಲ್ಲ' ಎಂಬ ಕಾಗದವನ್ನು ಫರ್ಹೀನ್ ಸಹಿಗಾಗಿ ಅವರ ಮುಂದಿಟ್ಟರು. ಕೋರಿ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಪಟ್ಟ್ಯಾಗ ಒಂದು ಬಿಟ್ಟೀನ್ರಿ ಮೇಡಂ. ಬೇಕಂತನ ಬಿಟ್ಟೀನಿ."

ಪ್ರೋಗ್ರಾಂ ತೋರಿಸಿದರು. ಮುಂಜಾಗ್ರತೆಗೆ ಬರೆದದ್ದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಆ ಭಾನುವಾರದ್ದನ್ನೆಲ್ಲ ಹೇಳಿದರು, ಒಡೆಯದ ಸೀಸೆಗಳ ವಿಷಯವನ್ನೂ ಹೇಳಿದರು. ಫರ್ಹೀನ್ ಆ ಪ್ರೋಗ್ರಾಮನ್ನು ಪಟ್ಟಿಯ ಕೊನೆಗೆ ಸೇರಿಸಿದರು. ಆಮೇಲೆ, ಕಾರಣವನ್ನು ಬರೆಯದೆ ಬಿಡಲೇ ಎಂದು ಮೆಲ್ಲಗೆ ಕೇಳಿದರು.

"ಬರೀರಿ. ಇದು ಯಾಕ ಬೇಕು ಅನ್ನೋದು ಬರೀಲಿಲ್ಲಂದ್ರ ಮುಂದ ಬರೋರು ಇದನ್ನ ತಗದ್ ಹಾಕ್ತಾರ."

ಫರ್ಹೀನ್ ಬರೆದ ಆ ಕಾರಣವನ್ನು ಕಂಪನಿಯ ಮಾಲೀಕರು ಓದಿದರು. ನಿವೃತ್ತಿಯ ದಿನಕ್ಕೆಂದು ತರಿಸಿದ್ದ ಶಾಲು ಬೀರುವಿನಲ್ಲೇ ಉಳಿಯಿತು. ಹೊಸ ಸರ್ವರಿನಲ್ಲಿ ಫರ್ಹೀನ್ ಆ ಪ್ರೋಗ್ರಾಂ ಬೇರೆಯಾಗಿ ಬರೆದು ನಾಲ್ವರ ಫೋನಿಗೆ ಜೋಡಿಸಿದರು. ಅದು ಸರಿಯಾಗಿ ನಡೆಯುತ್ತದೆ ಎಂದು ಖಾತ್ರಿಯಾದ ಮೇಲೆ ಕೋರಿಯವರೇ ನನ್ನನ್ನು ಆರಿಸಿದರು.

ಈಗ ನಾನು ಕೋಲ್ಡ್ ರೂಮಿನ ಪಕ್ಕದ ಸ್ಟೋರಿನಲ್ಲಿ ಮುರಿದ ಕುರ್ಚಿಗಳ ನಡುವೆ ಇದ್ದೇನೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಸುಳ್ಳು ಎಷ್ಟು ವರ್ಷ ಭಾರವಾಗಿ ಕೂರುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊನ್ನೆ ಮಧ್ಯಾಹ್ನ ಕೋಲ್ಡ್ ರೂಮಿನ ಯಂತ್ರದ ಸದ್ದು ತಟ್ಟನೆ ನಿಂತಿತು. ನನ್ನಿಂದ ಏನೂ ಮಾಡಲಾಗದು, ಕಿವಿಗೊಟ್ಟು ಕಾದೆ. ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ಓಡಿಬಂದು ಬಾಗಿಲು ತೆಗೆದರು. ಲಸಿಕೆಯನ್ನೆಲ್ಲ ಐಸಿನ ಪೆಟ್ಟಿಗೆಗಳಿಗೆ ತುಂಬತೊಡಗಿದರು. ಇಬ್ಬರೂ ಹೊಸಬರು. ಕೋರಿಯವರನ್ನು ಅವರು ಕಂಡವರೇ ಅಲ್ಲ.